ನಕ್ಷೆಯ ಹೊಳೆ, ಹರಿಗೋಲಿನ ಹೊಳೆ
2016ರ ಕಾಯ್ದೆಯಿಂದ ದೇಶದ ರಾಷ್ಟ್ರೀಯ ಜಲಮಾರ್ಗಗಳು 111 ಆದವು. ನಮ್ಮ ತುಂಗಭದ್ರೆಯೂ ಆ ಪಟ್ಟೀಲಿದೆ. ಉಪಗ್ರಹ ಚಿತ್ರದಲ್ಲಿ ಹೊಳೆಯ ಅಗಲ, ತಿರುವು ಚೆನ್ನಾಗಿ ಕಾಣ್ತವೆ. ಆದ್ರೆ ದೋಣಿಗೆ ಬೇಕಾದ್ದು ಆಳ. ಅದನ್ನ ಹೊಳೇಲೇ ಅಳೀಬೇಕು.

ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಇಲ್ಲಿನ ಜನ ಬುಟ್ಟಿಯಂಥ ದೋಣೀಲಿ ಹೊಳೆ ದಾಟ್ತಾರೆ, ಒಂದರಲ್ಲಿ 15–20 ಮಂದಿ ಹಿಡಿಸ್ತಾರೆ ಅಂತ ಬರೆದಿದ್ದಾನೆ. ಒಳಗೆ ಬೆತ್ತ, ಹೊರಗೆ ತೊಗಲು. ಅದೇ ನಮ್ಮ ಹರಿಗೋಲು: ಬಂಡೆ, ತೆಳು ನೀರಿನ ಹೊಳೆಗೆ ತಕ್ಕದ್ದು.

ಹರಿಗೋಲು ದಡದಿಂದ ದಡಕ್ಕೆ. ಹೊಳೆಯುದ್ದಕ್ಕೂ ಸರಕು ಸಾಗಿಸೋಕೆ ಬೇಸಿಗೇಲೂ ಆಳ ಬೇಕು. ಅಣೆಕಟ್ಟಿನ ಕೆಳಗೆ ಆ ಆಳ ಬರೋದು ಬಿಟ್ಟ ನೀರಿನಿಂದ. ಅದೇ ನೀರು ನಮ್ಮ ಎರಡನೇ ಬೆಳೆಗೂ ಬೇಕು. ಸರ್ವೆಯವರು ಬಂದ್ರೆ ಮೊದಲು ಕೇಳಿ: ಇದು ಯಾವ ತಿಂಗಳ ಆಳ?