ಎರಡು ದಿನದ ದಂಗೆ, ನಲವತ್ತು ವರ್ಷದ ಹಾಡು

ಲಂಡನ್ನಿನ ಶಾಫ್ಟ್ಸ್‌ಬರಿ ಅವೆನ್ಯೂನಲ್ಲಿರುವ ಸಾಂಡ್‌ಹೈಮ್ ಥಿಯೇಟರಿನ ಮೇಲಂತಸ್ತಿನಲ್ಲಿ, ಮೊಣಕಾಲು ಮುಂದಿನ ಸೀಟಿಗೆ ತಾಗಿಸಿಕೊಂಡು ಕೂತು ನಾನು 'ಲೆ ಮಿಸರಾಬ್ಲ್' ನೋಡಿದೆ. ಇನ್ನೂ ಕೆಳಗೆ ಕೂರುವಷ್ಟು ದುಡ್ಡು ಪ್ರವಾಸದ ಲೆಕ್ಕದಲ್ಲಿ ಇರಲಿಲ್ಲ. ಮೊದಲ ಅಂಕ ಮುಗಿಯುವ ಹೊತ್ತಿಗೆ ಪ್ಯಾರಿಸಿನ ವಿದ್ಯಾರ್ಥಿಗಳು, ಬಡವರು, ಪೊಲೀಸ್ ಅಧಿಕಾರಿ, ಪ್ರೇಮಿಗಳು ಎಲ್ಲರೂ ನಾಳೆ ಏನಾಗುತ್ತದೋ ಎಂದು ತಮ್ಮ ತಮ್ಮ ಸಾಲನ್ನು ಒಂದರ ಮೇಲೊಂದು ಹಾಡುತ್ತಾ ಕೆಂಪು ಬಾವುಟದ ಹಿಂದೆ ಹೆಜ್ಜೆ ಹಾಕುತ್ತಾರೆ. ದೀಪ ಹತ್ತಿತು. ನನ್ನ ಹಿಂದಿನ ಸಾಲಿನಲ್ಲಿ ಒಬ್ಬ ತಂದೆ ಮಗಳಿಗೆ ವಿವರಿಸುತ್ತಿದ್ದರು: "ಇದು ಫ್ರೆಂಚ್ ಕ್ರಾಂತಿ. ಮುಂದೆ ರಾಜನ ತಲೆ ಕಡಿಯುತ್ತಾರೆ."

ಕಡಿಯುವುದಿಲ್ಲ. ಮುಂದೆ ಸಾಯುವವರು ಈ ಹುಡುಗರೇ. ಆದರೆ ಆ ತಂದೆಯನ್ನು ನೋಡಿ ನಗುವ ಹಕ್ಕು ನನಗಿರಲಿಲ್ಲ. ಕಾಲೇಜಿನಲ್ಲಿ ಕಾದಂಬರಿಯ ಸಂಕ್ಷಿಪ್ತ ರೂಪ ಓದಿದ್ದ ನಾನೂ ಬಹಳ ವರ್ಷ ಅದನ್ನೇ ನಂಬಿದ್ದೆ. ಬಾವುಟ, ಬೀದಿಯ ಅಡ್ಡಗಟ್ಟೆ, ಪ್ಯಾರಿಸ್ ಎಂದ ಮೇಲೆ 1789 ಅಲ್ಲದೆ ಇನ್ನೇನು?

ರಂಗದ ಮೇಲೆ ನಡೆಯುವುದು 1832ರ ಜೂನ್ 5 ಮತ್ತು 6ರ ಕತೆ. ಅದಕ್ಕೂ ಎರಡು ವರ್ಷ ಮೊದಲು, 1830ರ ಜುಲೈಯಲ್ಲಿ, ಪ್ಯಾರಿಸಿನ ಜನ ಮೂರೇ ದಿನದ ಹೋರಾಟದಲ್ಲಿ ಹತ್ತನೇ ಚಾರ್ಲ್ಸ್‌ನನ್ನು ಓಡಿಸಿದ್ದರು. ಗಣರಾಜ್ಯ ಬರುತ್ತದೆ ಎಂದು ರಕ್ತ ಚೆಲ್ಲಿದವರಿಗೆ ಸಿಕ್ಕಿದ್ದು ಇನ್ನೊಬ್ಬ ರಾಜ, ಲೂಯಿ ಫಿಲಿಪ್. ಸಿಂಹಾಸನ ಖಾಲಿಯಾಗಲಿಲ್ಲ, ಕೂತವನು ಬದಲಾದ, ಅಷ್ಟೆ. ಈ ಮೋಸದ ನೋವು ಆರುವ ಮುನ್ನವೇ 1832ರ ವಸಂತದಲ್ಲಿ ಕಾಲರಾ ಬಂತು. ಪ್ಯಾರಿಸ್ ಒಂದರಲ್ಲೇ ಹದಿನೆಂಟು ಸಾವಿರಕ್ಕೂ ಹೆಚ್ಚು ಜನ ಸತ್ತರು. ಇಕ್ಕಟ್ಟಾದ ಬಡ ಕೇರಿಗಳಲ್ಲಿ ಬಾವಿಗೆ ವಿಷ ಹಾಕುತ್ತಿದ್ದಾರೆ ಎಂಬ ಗಾಳಿಸುದ್ದಿ ಹಬ್ಬಿ, ಅನುಮಾನದ ಮೇಲೆ ಅಮಾಯಕರನ್ನು ಬೀದಿಯಲ್ಲಿ ಬಡಿದು ಕೊಂದರು. ಪ್ರಧಾನಿ ಕಾಸಿಮಿರ್ ಪೆರಿಯೆ ಕೂಡ ಅದೇ ರೋಗಕ್ಕೆ ಮೇ ತಿಂಗಳಲ್ಲಿ ತೀರಿಕೊಂಡ. ಜೂನ್ 1ರಂದು ಜನರಲ್ ಲಮಾರ್ಕ್ ಸತ್ತ. ನೆಪೋಲಿಯನ್ನನ ಸೇನಾನಿಯಾಗಿದ್ದ ಈತ ಆಮೇಲೆ ಸಂಸತ್ತಿನಲ್ಲಿ ಸರ್ಕಾರವನ್ನು ಝಾಡಿಸುತ್ತಿದ್ದವನು, ಹಾಗಾಗಿ ಜನರಿಗೆ ಬೇಕಾದವನು. ಐದನೇ ತಾರೀಖು ಅವನ ಶವಯಾತ್ರೆ ಆಸ್ಟರ್ಲಿಟ್ಸ್ ಸೇತುವೆಯ ಹತ್ತಿರ ಬಂದಾಗ ಕೆಂಪು ಬಾವುಟವೊಂದು ಕಾಣಿಸಿತು, ಗುಂಡು ಹಾರಿತು, ಸಂಜೆಯೊಳಗೆ ಮಧ್ಯ ಪ್ಯಾರಿಸಿನ ಗಲ್ಲಿಗಳಲ್ಲಿ ಅಡ್ಡಗಟ್ಟೆಗಳೆದ್ದವು.

ಮರುದಿನ ಎಲ್ಲ ಮುಗಿದುಹೋಯಿತು. ಸೇಂ ಮೆರಿ ಚರ್ಚಿನ ಪಕ್ಕದ ಬೀದಿಯಲ್ಲಿ ಕೊನೆಯ ಗುಂಪು ಕಾದಾಡಿತು. ಅದರ ಮುಂದಾಳು ಶಾರ್ಲ್ ಜಾನ್ ಬದುಕುಳಿದು, ವಿಚಾರಣೆ ಎದುರಿಸಿ, ಸೆರೆಮನೆಯಿಂದ ತಂಗಿಗೆ ಆ ಎರಡು ದಿನಗಳ ಬಗ್ಗೆ ದೀರ್ಘ ಪತ್ರ ಬರೆದ. ಎರಡೂ ಕಡೆ ಸೇರಿ ಸತ್ತವರು, ಗಾಯಗೊಂಡವರು ಎಂಟುನೂರರ ಆಸುಪಾಸು. ಫ್ರಾನ್ಸಿನ ಆ ಶತಮಾನದ ದಂಗೆಗಳ ಪಟ್ಟಿಯಲ್ಲಿ ಇದು ಸಣ್ಣದು. ಸರ್ಕಾರ ಅಲುಗಲಿಲ್ಲ. ಲೂಯಿ ಫಿಲಿಪ್ ಇನ್ನೂ ಹದಿನಾರು ವರ್ಷ ಆಳಿದ.

ಹಾಗಾದರೆ ಹ್ಯೂಗೋ ತನ್ನ ಅಷ್ಟು ದೊಡ್ಡ ಕಾದಂಬರಿಗೆ 1789 ಬಿಟ್ಟು, ಗೆದ್ದ 1830 ಬಿಟ್ಟು, ಈ ಸೋತ ಪುಟ್ಟ ದಂಗೆಯನ್ನು ಯಾಕೆ ಆರಿಸಿಕೊಂಡ?

ಒಂದು ಕಾರಣ ಸರಳ. ಅವನು ಅಲ್ಲಿದ್ದ. ಮೂವತ್ತು ವರ್ಷದ ಹ್ಯೂಗೋ ಆ ದಿನ ಟ್ಯೂಲರಿ ಉದ್ಯಾನದಲ್ಲಿ ನಾಟಕ ಬರೆಯುತ್ತಾ ಕೂತಿದ್ದ. ಗುಂಡಿನ ಸದ್ದು ಕೇಳಿ ಆ ದಿಕ್ಕಿಗೇ ನಡೆದುಹೋಗಿ, ಎರಡು ಕಡೆಯ ಗುಂಡುಗಳ ನಡುವೆ ಸಿಕ್ಕಿಬಿದ್ದು, ಒಂದು ಓಣಿಯ ಕಂಬಗಳ ಮರೆಯಲ್ಲಿ ಉಸಿರು ಬಿಗಿಹಿಡಿದು ನಿಂತ. ಅವನು ಬರೆಯುತ್ತಿದ್ದ ಆ ನಾಟಕ 'ಲೆ ರುವಾ ಸಾಮ್ಯೂಸ್' ಅದೇ ನವೆಂಬರಿನಲ್ಲಿ ಒಂದೇ ಪ್ರದರ್ಶನ ಕಂಡು ನಿಷೇಧಕ್ಕೊಳಗಾಯಿತು. ಮುಂದೆ ವೆರ್ಡಿ ಅದನ್ನೇ 'ರಿಗೊಲೆಟ್ಟೊ' ಎಂಬ ಆಪೆರಾ ಮಾಡಿದ. ಅಂದರೆ ಹ್ಯೂಗೋನ ಬರಹ ಹಾಡಾಗುವುದು ನಮ್ಮ ಕಾಲದಲ್ಲಿ ಶುರುವಾದದ್ದೇನಲ್ಲ.

ಇನ್ನೊಂದು ಕಾರಣ ಅಷ್ಟು ಸರಳವಲ್ಲ. 1848ರ ಜೂನಿನಲ್ಲಿ ಪ್ಯಾರಿಸಿನ ಕೆಲಸಗಾರರು ಮತ್ತೆ ದಂಗೆ ಎದ್ದಾಗ ಹ್ಯೂಗೋ ಶಾಸನಸಭೆಯ ಸದಸ್ಯ. ಆಗ ಅವನು ನಿಂತದ್ದು ಅಡ್ಡಗಟ್ಟೆಯ ಆಚೆ ಬದಿಯಲ್ಲಿ, ಸೈನಿಕರ ಜೊತೆ. ಶರಣಾಗಿ ಎಂದು ದಂಗೆಕೋರರಿಗೆ ಹೇಳಲು ಹೋದವರಲ್ಲಿ ಅವನೂ ಒಬ್ಬ. 1845ರಲ್ಲಿ ಶುರುಮಾಡಿದ್ದ ಕಾದಂಬರಿ 1848ರಲ್ಲಿ ನಿಂತುಹೋಗಿತ್ತು. ಅದನ್ನು ಮತ್ತೆ ಕೈಗೆತ್ತಿಕೊಂಡದ್ದು 1860ರಲ್ಲಿ, ಅಷ್ಟು ಹೊತ್ತಿಗೆ ಮೂರನೇ ನೆಪೋಲಿಯನ್ನನನ್ನು ಎದುರುಹಾಕಿಕೊಂಡು ಗರ್ನ್‌ಸಿ ದ್ವೀಪದಲ್ಲಿ ದೇಶಭ್ರಷ್ಟನಾಗಿದ್ದಾಗ. ಕಾದಂಬರಿಯ ಕೊನೆಯ ಭಾಗ 1848ರ ಅಡ್ಡಗಟ್ಟೆಗಳ ವರ್ಣನೆಯಿಂದಲೇ ಶುರುವಾಗುತ್ತದೆ, ಆಮೇಲೆ 1832ಕ್ಕೆ ಹಿಂದಿರುಗುತ್ತದೆ. ನನಗನಿಸುವುದು, ತಾನು ಗುಂಡು ಹಾರಿಸುವವರ ಕಡೆ ನಿಂತಿದ್ದ ದಂಗೆಯ ಬಗ್ಗೆ ನೇರವಾಗಿ ಬರೆಯಲಾರದೆ, ಎರಡೂ ಕಡೆಯ ಗುಂಡಿಗೆ ಹೆದರಿ ಮರೆಯಲ್ಲಿ ನಿಂತಿದ್ದ ದಂಗೆಯನ್ನು ಅವನು ಆರಿಸಿಕೊಂಡ. ಸಂಗೀತ ನಾಟಕದಲ್ಲಿ ಈ ಪಾಪಪ್ರಜ್ಞೆಯ ಸುಳಿವಿಲ್ಲ. ಮೂರು ತಾಸಿನಲ್ಲಿ ಹಿಡಿಸುವುದೂ ಕಷ್ಟ.

ನಾಟಕದ ಹುಟ್ಟು ಕೂಡ ಸೋಲಿನಿಂದ ದೂರವಿರಲಿಲ್ಲ. ಅಲಾನ್ ಬೂಬ್ಲಿಲ್ ಲಂಡನ್ನಿನಲ್ಲಿ 'ಆಲಿವರ್!' ನೋಡುತ್ತಾ ಅದರ ಜೇಬುಗಳ್ಳ ಹುಡುಗನಲ್ಲಿ ಹ್ಯೂಗೋನ ಗವ್ರೋಷ್‌ನನ್ನು ಕಂಡನಂತೆ. ಪರದೇಶದಲ್ಲಿ ಟಿಕೆಟ್ ಕೊಂಡು ಕೂತ ಪ್ರೇಕ್ಷಕನೊಬ್ಬನಿಂದ ಇದೆಲ್ಲ ಶುರುವಾಯಿತು ಎಂಬುದು ನನಗೆ ಇಷ್ಟವಾದ ಸಂಗತಿ. ಕ್ಲೋದ್ ಮಿಶೆಲ್ ಶೋನ್‌ಬರ್ಗ್ ಸಂಗೀತ ಕೊಟ್ಟ. 1980ರಲ್ಲಿ ಪ್ಯಾರಿಸಿನ ಕ್ರೀಡಾಂಗಣವೊಂದರಲ್ಲಿ ಸುಮಾರು ಮೂರು ತಿಂಗಳು ನಡೆದು ನಿಂತಿತು. ಅದರ ಧ್ವನಿಮುದ್ರಿಕೆ ನಿರ್ಮಾಪಕ ಕ್ಯಾಮರಾನ್ ಮ್ಯಾಕಿಂಟಾಷ್ ಕೈಗೆ ಸಿಕ್ಕಿ, ಹರ್ಬರ್ಟ್ ಕ್ರೆಟ್ಸ್‌ಮರ್ ಇಂಗ್ಲಿಷಿನಲ್ಲಿ ಹಾಡು ಬರೆದು, 1985ರ ಅಕ್ಟೋಬರ್ 8ರಂದು ಲಂಡನ್ನಿನ ಬಾರ್ಬಿಕನ್‌ನಲ್ಲಿ ತೆರೆ ಎದ್ದಿತು. ವಿಮರ್ಶಕರಲ್ಲಿ ಹೆಚ್ಚಿನವರು ಕುಟುಕಿದರು. ಜನ ಮಾತ್ರ ಟಿಕೆಟ್ ಕೌಂಟರಿಗೆ ಮುಗಿಬಿದ್ದರು. ಆ ಸಾಲು ಇಂದಿಗೂ ಕರಗಿಲ್ಲ.

ಹಳೆಯ ಪ್ರಯೋಗದಲ್ಲಿ ರಂಗವೇ ತಿರುಗುತ್ತಿತ್ತು. ಗುಂಡಿನ ಮೊರೆತ ನಿಂತ ಮೇಲೆ ಅಡ್ಡಗಟ್ಟೆ ನಿಧಾನವಾಗಿ ತಿರುಗಿ, ಅದರ ಹೊರಮೈಯಲ್ಲಿ ಜೋತುಬಿದ್ದ ಹುಡುಗರ ಹೆಣಗಳನ್ನು ತೋರಿಸುತ್ತಿತ್ತು. 2019ರಲ್ಲಿ ಅದನ್ನು ನಿಲ್ಲಿಸಿದರು. ನಾನು ನೋಡಿದ ಹೊಸ ಪ್ರಯೋಗದಲ್ಲಿ ತಿರುಗುವ ರಂಗವಿಲ್ಲ, ಹಿಂದಿನ ಪರದೆಯ ಮೇಲೆ ಹ್ಯೂಗೋನ ಚಿತ್ರಗಳಿಂದ ಹುಟ್ಟಿದ ಮಸಿಬಣ್ಣದ ಪ್ಯಾರಿಸ್ ಇದೆ. ಹ್ಯೂಗೋ ಒಳ್ಳೆಯ ಚಿತ್ರಕಾರನೂ ಹೌದು. ಚರಂಡಿಯ ದೃಶ್ಯದಲ್ಲಿ ಆ ಕತ್ತಲೆ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೂ ತಿರುಗಿ ನಿಂತ ಆ ಅಡ್ಡಗಟ್ಟೆಯನ್ನು ಕಾಣದೆ ಹೋದೆನಲ್ಲ ಎಂಬ ಕೊರಗು ಉಳಿದಿದೆ. ಅಂದಹಾಗೆ ಈ ಥಿಯೇಟರೇ 1940ರಲ್ಲಿ ಜರ್ಮನ್ ಬಾಂಬಿಗೆ ಸಿಕ್ಕಿ, ಮುಂಭಾಗ ಕುಸಿದು, 1959ರವರೆಗೆ ಮುಚ್ಚಿತ್ತು.

ದಂಗೆಯ ಹಾಡಿಗೆ ಸಭೆಯಲ್ಲಿ ಒಂದು ಅಲೆ ಎದ್ದದ್ದು ನಿಜ. ಕಂಪನಿ ನಾಟಕದ ಕಾಲವಾಗಿದ್ದರೆ ನಮ್ಮವರು 'ವನ್ಸ್ ಮೋರ್' ಕೂಗಿ ಸತ್ತ ಹುಡುಗರನ್ನೂ ಎಬ್ಬಿಸಿ ಹಾಡಿಸುತ್ತಿದ್ದರು. ಇಷ್ಟು ದುಬಾರಿ ಕುರ್ಚಿಯಲ್ಲಿ ಕೂತು ಹಸಿದವರ ಹಾಡಿಗೆ ಕಣ್ಣೊರೆಸಿಕೊಳ್ಳುವುದರಲ್ಲಿ ಏನೋ ಒಂದು ಮುಜುಗರವಿದೆ, ನನಗೂ ಆಯಿತು. ಆದರೆ ಅದೇ ಹಾಡನ್ನು 2014ರಲ್ಲಿ, ಮತ್ತೆ 2019ರಲ್ಲಿ, ಹಾಂಗ್‌ಕಾಂಗಿನ ಬೀದಿಗಳಲ್ಲಿ ನಿಜವಾದ ಪೊಲೀಸರೆದುರು ಹುಡುಗರು ಹಾಡಿದರು. 2016ರಲ್ಲಿ ಡೊನಾಲ್ಡ್ ಟ್ರಂಪ್ ತನ್ನ ಚುನಾವಣಾ ಸಭೆಯೊಂದಕ್ಕೆ ಇದೇ ಹಾಡು ಹಾಕಿಸಿಕೊಂಡು ವೇದಿಕೆ ಹತ್ತಿದ. ಹಾಡಿಗೆ ಬಾಗಿಲು ಕಾಯುವವರಿಲ್ಲ. 1832ರ ಹಿಂದಿನ ವರ್ಷವೇ, 1831ರ ಜನವರಿಯಲ್ಲಿ, ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದರು. ಕಂಪನಿ ಸರ್ಕಾರದ ಕಡತದಲ್ಲಿ ಅವನು ಮುಗಿದುಹೋದ ಒಂದು ಪ್ರಕರಣ. ಅವನನ್ನು ಹೊತ್ತು ತಂದದ್ದು ಲಾವಣಿ, ಗೀಗೀ ಪದ.

ವಾರದ ನಂತರ ಪ್ಯಾರಿಸಿನಲ್ಲಿ ಸೇಂ ಮೆರಿ ಹುಡುಕಿಕೊಂಡು ಹೋದೆ. ಪಾಂಪಿಡೂ ಕೇಂದ್ರದ ಬಣ್ಣದ ಕೊಳವೆಗಳ ಮಗ್ಗುಲಲ್ಲೇ ಇದೆ. ಹ್ಯೂಗೋ ತನ್ನ ಕಲ್ಪನೆಯ ಅಡ್ಡಗಟ್ಟೆ ಕಟ್ಟಿದ ಶಾನ್‌ವ್ರರಿ ಬೀದಿ ರಾಂಬುತೋ ಎಂಬ ಅಗಲ ರಸ್ತೆಯೊಳಗೆ ಕರಗಿಹೋಗಿದೆ. ಚರ್ಚಿನ ಮುಂದೆ ಕಾಫಿ ಅಂಗಡಿಗಳು, ಮೊಬೈಲ್ ಎತ್ತಿ ಹಿಡಿದ ಪ್ರವಾಸಿಗಳು. ಶಾರ್ಲ್ ಜಾನ್‌ನ ಗುಂಪು ಯಾವ ಮೂಲೆಯಲ್ಲಿ ನಿಂತಿತ್ತೋ ಎಂದು ಅಂದಾಜು ಮಾಡುತ್ತಾ ಎರಡು ಸುತ್ತು ಹಾಕಿದೆ. ಬಾಯಿ ತನ್ನಷ್ಟಕ್ಕೆ ಆ ಹಾಡನ್ನು ಗುನುಗುತ್ತಿತ್ತು, ಅದೂ ಇಂಗ್ಲಿಷಿನಲ್ಲಿ. ಕಾಫಿ ತಂದುಕೊಟ್ಟ ಹುಡುಗ ನನ್ನನ್ನು ಒಮ್ಮೆ ನೋಡಿ, ಬಿಲ್ಲು ಇಟ್ಟು ಹೋದ.