ಡಯಾಲಿಸಿಸ್ ಪಡೆಯುವ ಹಿರಿಯರ ಬಿಪಿ ಮಾತ್ರೆ: ಒಂದು ಚಾರಿತ್ರಿಕ ನೋಟ

ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯಲ್ಲಿ ಮುದ್ದೆ-ಉಪ್ಸಾರು ಮನೆಮನೆಯ ಊಟ. ಮೂತ್ರಪಿಂಡ ಕೈಕೊಟ್ಟ ಎಪ್ಪತ್ತರ ಅಜ್ಜನಿಗೆ ಆ ಉಪ್ಪೇ ದಾಹ ಹುಟ್ಟಿಸುತ್ತದೆ. ಕುಡಿದ ನೀರು ಮೂತ್ರವಾಗಿ ಹೋಗದೆ ಮೈಯಲ್ಲೇ ನಿಲ್ಲುತ್ತದೆ. ಮುಂದಿನ ಡಯಾಲಿಸಿಸ್‌ಗೆ ಬಂದು ತೂಕದ ಯಂತ್ರ ಹತ್ತಿದಾಗ ಎರಡು-ಮೂರು ಕೆ.ಜಿ. ಹೆಚ್ಚಿರುತ್ತದೆ, ಬಿಪಿಯೂ ಏರಿರುತ್ತದೆ. ಚೀಟಿಗೆ ಇನ್ನೊಂದು ಮಾತ್ರೆ ಸೇರುವುದು ಇಲ್ಲೇ. ಮಾತ್ರೆಗೆ ಮೊದಲು ನೀರು-ಉಪ್ಪಿನ ಲೆಕ್ಕ ನೋಡಬೇಕೆಂಬ ತಿಳಿವಳಿಕೆ ದೀರ್ಘಕಾಲದ ಡಯಾಲಿಸಿಸ್‌ನಷ್ಟೇ ಹಳೆಯದು ಎಂಬುದು ಇಲ್ಲಿನ ವಾದ.

1960ರ ಮಾರ್ಚ್‌ನಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ವೈದ್ಯ ಬೆಲ್ಡಿಂಗ್ ಸ್ಕ್ರಿಬ್ನರ್ ಅವರು ಕ್ಲೈಡ್ ಶೀಲ್ಡ್ಸ್ ಎಂಬ ರೋಗಿಗೆ ನಿರಂತರ ಡಯಾಲಿಸಿಸ್ ಆರಂಭಿಸಿದರು. ಆತನ ತೀವ್ರ ರಕ್ತದೊತ್ತಡ ಹತೋಟಿಗೆ ಬಂದದ್ದು ಹೆಚ್ಚುವರಿ ನೀರು ತೆಗೆದು, ಉಪ್ಪು ಕಡಿಮೆ ಮಾಡಿದ್ದರಿಂದ. ಆ ಹೊತ್ತಿಗೆ ಔಷಧಗಳೂ ಇದ್ದವು. ಘಟ್ಟದ ಕಾಡುಗಳಲ್ಲಿ ಬೆಳೆಯುವ ಸರ್ಪಗಂಧದ ಬೇರು ಬಿಪಿ ಇಳಿಸುತ್ತದೆಂದು ಕಲ್ಕತ್ತೆಯ ವೈದ್ಯರಾದ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲೇ ಬರೆದಿದ್ದರು. ಮುಂಬಯಿಯ ವೈದ್ಯ ರುಸ್ತುಂ ವಕೀಲ್ 1949ರಲ್ಲಿ ಅದನ್ನು ಜಗತ್ತಿಗೆ ತಿಳಿಸಿದರು. ಮುಂದಿನ ದಶಕಗಳಲ್ಲಿ ಹೊಸ ಮಾತ್ರೆಗಳು ಒಂದರ ಹಿಂದೊಂದು ಬಂದವು. ಡಯಾಲಿಸಿಸ್‌ನ ಅವಧಿ ನಾಲ್ಕು ಗಂಟೆಗೆ ಇಳಿಯಿತು, ನಿಧಾನವಾಗಿ ನೀರು ತೆಗೆಯುವ ತಾಳ್ಮೆ ಹಿಂದೆ ಸರಿಯಿತು. ಫ್ರಾನ್ಸಿನ ತಾಸೆಂ ಊರಿನ ಘಟಕ ಮಾತ್ರ ಎಂಟು ಗಂಟೆಯ ಡಯಾಲಿಸಿಸ್ ಬಿಡಲಿಲ್ಲ; ಅಲ್ಲಿ ಬಿಪಿ ಮಾತ್ರೆ ಬೇಕಾದವರು ತೀರಾ ಕಡಿಮೆಯಿದ್ದರು.

ಇತ್ತ ಚಾಮರಾಜನಗರದಲ್ಲಿ ವೈದ್ಯಕೀಯ ಕಾಲೇಜು ಶುರುವಾದದ್ದು 2016ರಲ್ಲಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಡಯಾಲಿಸಿಸ್ ಕೊಡುವ ಕೇಂದ್ರದ ಯೋಜನೆ ಪ್ರಕಟವಾದದ್ದೂ ಅದೇ ವರ್ಷ. ಯಂತ್ರ ಹತ್ತಿರ ಬಂದದ್ದು ದೊಡ್ಡ ಉಪಕಾರ. ಮಾತ್ರೆ ನುಂಗುವ ಹೊತ್ತಿಗೂ ಅಷ್ಟೇ ಗಮನ ಸಿಗಬೇಕು. ಬೆಳಿಗ್ಗೆ ಮಾತ್ರೆ ನುಂಗಿ ಯಂತ್ರಕ್ಕೆ ಒಡ್ಡಿಕೊಂಡ ಹಿರಿಯರಿಗೆ ನಡುವೆ ಬಿಪಿ ಕುಸಿಯಬಹುದು. ತಲೆ ಸುತ್ತುತ್ತದೆ, ಕಾಲು ಸೆಳೆಯುತ್ತದೆ, ನೀರು ತೆಗೆಯುವುದನ್ನು ಅರ್ಧಕ್ಕೇ ನಿಲ್ಲಿಸಬೇಕಾಗುತ್ತದೆ. ಉಳಿದ ನೀರು ಬಿಪಿಯನ್ನು ಮತ್ತೆ ಏರಿಸುತ್ತದೆ. ಬಿಪಿ ಮಾತ್ರೆಗಳಲ್ಲಿ ಅಟೆನೊಲಾಲ್, ಲಿಸಿನೊಪ್ರಿಲ್‌ಗಳು ಡಯಾಲಿಸಿಸ್‌ನಲ್ಲಿ ರಕ್ತದಿಂದ ಸೋಸಿಹೋಗುತ್ತವೆ. ಅಮ್ಲೋಡಿಪಿನ್, ಟೆಲ್ಮಿಸಾರ್ಟಾನ್ ಹೋಗುವುದಿಲ್ಲ. ಯಾವುದನ್ನು ಯಾವಾಗ ನುಂಗಬೇಕೆಂದು ವೈದ್ಯರು ಚೀಟಿಯಲ್ಲೇ ಬರೆದುಕೊಡಬೇಕು. ರೋಗಿ ತಾನಾಗಿ ಬದಲಿಸುವ ವಿಷಯ ಇದಲ್ಲ.

ಮೂತ್ರಪಿಂಡ ತಜ್ಞ ರಾಜೀವ್ ಅಗರ್ವಾಲ್ ಅವರ ತಂಡ ಅಮೆರಿಕದಲ್ಲಿ 150 ರೋಗಿಗಳ ಮೇಲೆ ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನ, ನೀರು ಇಳಿಸಿ ತೂಕ ತಗ್ಗಿಸಿದರೆ ಮಾತ್ರೆ ಹೆಚ್ಚಿಸದೆಯೇ ಬಿಪಿ ಇಳಿಯುವುದನ್ನು ತೋರಿಸಿತು. ಡಯಾಲಿಸಿಸ್ ಮುಗಿದ ಮೇಲೆ ವಾರಕ್ಕೆ ಮೂರು ಸಲ ಮಾತ್ರೆ ಕೊಟ್ಟು 200 ಮಂದಿಯಲ್ಲಿ ನಡೆಸಿದ ಅದೇ ತಂಡದ 2014ರ ಅಧ್ಯಯನದಲ್ಲಿ ಲಿಸಿನೊಪ್ರಿಲ್‌ಗಿಂತ ಅಟೆನೊಲಾಲ್ ಹೃದಯಕ್ಕೆ ಸುರಕ್ಷಿತವೆಂದು ಕಂಡಿತು. ಎರಡರಲ್ಲೂ ರೋಗಿಗಳ ಸರಾಸರಿ ವಯಸ್ಸು ಅರವತ್ತಕ್ಕಿಂತ ಕಡಿಮೆ. ಎಪ್ಪತ್ತು ದಾಟಿದವರ ರಕ್ತನಾಳ ಪೆಡಸಾಗಿರುತ್ತದೆ, ಎದ್ದು ನಿಂತೊಡನೆ ಬಿಪಿ ಇಳಿದು ಬೀಳುವ ಭಯವೂ ಇರುತ್ತದೆ. ಗುಂಡ್ಲುಪೇಟೆಯ ಅಜ್ಜನಿಗೆ ಈ ಅಧ್ಯಯನಗಳ ಲೆಕ್ಕ ಹೊಂದಬೇಕಾದರೆ ಮಲಗಿದಾಗಿನ ಬಿಪಿಯ ಜೊತೆಗೆ ನಿಂತಾಗಿನ ಬಿಪಿಯನ್ನೂ, ಡಯಾಲಿಸಿಸ್ ಇಲ್ಲದ ದಿನದ ಮನೆಯ ಬಿಪಿಯನ್ನೂ ಬರೆದಿಡಬೇಕು.