ಜೀಪ್: ಓವರ್‌ಹಾಲ್ ಆದ ಎಂಜಿನ್ನಿನ ಅಳವಡಿಕೆ ಮತ್ತು ಮೊದಲ ಚಾಲನೆ

ಪೂರ್ತಿ ಬಿಚ್ಚಿ, ಸವೆದ ಭಾಗಗಳನ್ನು ಬದಲಿಸಿ ಜೋಡಿಸಿದ ಎಂಜಿನ್ನನ್ನು ಹಳೆಯ ವಾಹನದ ಚಾಸಿಯ ಮೇಲೆ ಕೂರಿಸಿ ಮೊದಲ ಸಲ ಚಾಲೂ ಮಾಡುವ ಕೆಲಸ. ಹೊರದೇಶಗಳಲ್ಲಿ ಈ ವಿದ್ಯೆ ಬೆಳೆದದ್ದು ಹೆಚ್ಚಾಗಿ ಹಳೆಯ ಸ್ಪೋರ್ಟ್ಸ್ ಕಾರುಗಳ ಸುತ್ತ. ಗೋಣಿಬೀಡು, ಮೂಡಿಗೆರೆ, ಕಳಸದ ಕಾಫಿ ಸೀಮೆಯಲ್ಲಿ ಆ ಪ್ರೀತಿ, ಆ ಶ್ರಮ ಸಂದಿರುವುದು ಜೀಪಿಗೆ. ಈ ಲೇಖನದ ವಿಷಯ ವಿಲ್ಲೀಸ್ ಮತ್ತು ಮಹೀಂದ್ರ ಜೀಪುಗಳ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್.

ಹಿನ್ನೆಲೆ

ಎರಡನೆಯ ಮಹಾಯುದ್ಧಕ್ಕಾಗಿ 1941ರಿಂದ 1945ರವರೆಗೆ ತಯಾರಾದ ವಿಲ್ಲೀಸ್ ಎಂಬಿ ಜೀಪಿನಲ್ಲಿದ್ದದ್ದು ‘ಗೋ ಡೆವಿಲ್’ ಎಂಜಿನ್: 2,199 ಸಿಸಿ, 60 ಅಶ್ವಶಕ್ತಿ. ಇದರಲ್ಲಿ ಎರಡೂ ಬಗೆಯ ವಾಲ್ವುಗಳು ಬ್ಲಾಕಿನಲ್ಲೇ ಇವೆ. ಹೆಡ್ ಬರೀ ಮುಚ್ಚಳ. 1950ರ ಹೊತ್ತಿಗೆ ಬಂದ ‘ಹರಿಕೇನ್’ ಎಂಜಿನ್ನಿನಲ್ಲಿ ಬೋರು, ಸ್ಟ್ರೋಕು ಹಿಂದಿನವೇ. ಆದರೆ ಇನ್‌ಲೆಟ್ ವಾಲ್ವು ಹೆಡ್ಡಿಗೆ ಏರಿತು, ಎಕ್ಸಾಸ್ಟ್ ವಾಲ್ವು ಬ್ಲಾಕಿನಲ್ಲೇ ಉಳಿಯಿತು. ಇದರಿಂದ ಶಕ್ತಿ 70 ಅಶ್ವಶಕ್ತಿ ದಾಟಿತು, ಎಂಜಿನ್ನಿನ ಎತ್ತರವೂ ಹೆಚ್ಚಿತು. 1953ರ ಸಿಜೆ-3ಬಿ ಜೀಪಿನ ಬಾನೆಟ್ ಪೆಟ್ಟಿಗೆಯಂತೆ ಮೇಲೆದ್ದಿರುವುದು ಈ ಎಂಜಿನ್ನಿಗೆ ಜಾಗ ಮಾಡಿಕೊಡಲು.

1945ರಲ್ಲಿ ಸ್ಥಾಪನೆಯಾದ, ಇಂದು ಮಹೀಂದ್ರ ಆ್ಯಂಡ್ ಮಹೀಂದ್ರ ಎನಿಸಿಕೊಂಡಿರುವ ಕಂಪನಿ 1947ರಲ್ಲಿ ಭಾರತದಲ್ಲಿ ವಿಲ್ಲೀಸ್ ಜೀಪುಗಳ ಜೋಡಣೆಗೆ ಕೈಹಾಕಿತು. ಅಮೆರಿಕದಲ್ಲಿ ಸಿಜೆ-3ಬಿ ತಯಾರಿಕೆ 1968ರಲ್ಲಿ ನಿಂತರೂ ಇಲ್ಲಿ ಅದೇ ಆಕಾರದ ಜೀಪುಗಳು ಬಹುಕಾಲ ಬಂದವು. ಮಳೆಗಾಲದಲ್ಲಿ ಕೊಚ್ಚೆಯಾಗುವ ತೋಟದ ದಾರಿಗೆ ನಾಲ್ಕು ಚಕ್ರಕ್ಕೂ ಎಳೆತವಿರುವ ಗಾಡಿಯೇ ಬೇಕಾಗಿದ್ದರಿಂದ ಕಾಫಿ ಸೀಮೆ ಅವನ್ನು ಬಿಟ್ಟುಕೊಡಲಿಲ್ಲ.

ಎಂಜಿನ್ ಇಳಿಸುವ ಮೊದಲು

ಸವೆದ ಸಿಲಿಂಡರನ್ನು ಲೇತ್ ಅಂಗಡಿಯಲ್ಲಿ ಬೋರ್ ಮಾಡಿಸಿ, ಅದಕ್ಕೊಪ್ಪುವ ದಪ್ಪದ ಪಿಸ್ಟನ್ ಹಾಕುತ್ತಾರೆ. ಮೆಕ್ಯಾನಿಕರ ಮಾತಿನ ‘ಹತ್ತು ಸೈಜು’, ‘ಇಪ್ಪತ್ತು ಸೈಜು’ ಎಂದರೆ ಇಂಚಿನ ಸಾವಿರದಲ್ಲಿ ಅಷ್ಟು ಭಾಗ. ಹತ್ತು ಸೈಜು ಸುಮಾರು 0.25 ಮಿ.ಮೀ. ಕ್ರ್ಯಾಂಕಿಗೆ ಮೂರೇ ಮೇನ್ ಬೇರಿಂಗುಗಳಿರುವುದರಿಂದ ಅವುಗಳ ಸಂದಿನ ಅಳತೆಯಲ್ಲಿ ಉದಾಸೀನ ಸಲ್ಲದು.

ಕೂರಿಸುವಾಗ ಮುಂದಿನ ಎರಡು ರಬ್ಬರ್ ಮೌಂಟುಗಳೂ ಗೇರ್‌ಬಾಕ್ಸಿನ ಕೆಳಗಿನ ಒಂದು ಮೌಂಟೂ ಭಾರ ಹೊರುತ್ತವೆ. ಚೈನ್ ಪುಲ್ಲಿಯಲ್ಲಿ ತೂಗುವ ಎಂಜಿನ್ನನ್ನು ಗೇರ್‌ಬಾಕ್ಸಿನ ಶಾಫ್ಟಿಗೆ ನೇರ ತರಬೇಕು. ಕ್ಲಚ್ ಪ್ಲೇಟನ್ನು ಮೊದಲೇ ನಡುಮಧ್ಯಕ್ಕೆ ಹೊಂದಿಸಿಟ್ಟಿದ್ದರೆ ಶಾಫ್ಟು ಸಲೀಸಾಗಿ ಒಳಸೇರುತ್ತದೆ. ಸೇರದಿದ್ದರೆ ಬೋಲ್ಟ್ ಬಿಗಿಮಾಡಿ ಎಳೆದುಕೊಳ್ಳುವುದು ಕೆಟ್ಟ ಅಭ್ಯಾಸ: ಎಂಜಿನ್ನಿನ ಭಾರವೆಲ್ಲ ಕ್ಲಚ್ ಪ್ಲೇಟಿನ ಹಬ್ಬಿನ ಮೇಲೆ ಬೀಳುತ್ತದೆ. ಬ್ಲಾಕಿಗೆ ಹೊಸ ಬಣ್ಣ ಬಳಿದಿದ್ದರೆ ಅರ್ತ್ ಪಟ್ಟಿ ಕೂರುವ ಜಾಗದಲ್ಲಿ ಅದನ್ನು ಕೆರೆದು ತೆಗೆಯಬೇಕು. ಇಲ್ಲವಾದರೆ ಬ್ಯಾಟರಿ ತುಂಬಿದ್ದರೂ ಸೆಲ್ಫ್ ತಿರುಗದು.

ಹರಿಕೇನ್ ಎಂಜಿನ್ನಿನ ಒಂದು ಹೆಡ್ ಬೋಲ್ಟ್ ಕಾರ್ಬುರೇಟರಿನ ಕೆಳಗೆ, ಗಾಳಿ ಹೋಗುವ ದಾರಿಯಲ್ಲಿ ಅಡಗಿದೆ. ಕಾರ್ಬುರೇಟರ್ ಬಿಚ್ಚದೆ ಅದು ಕಾಣುವುದೇ ಇಲ್ಲ. ಹೆಡ್ ಬಿಗಿಮಾಡುವಾಗ ಇದನ್ನು ಮರೆತರೆ ಗ್ಯಾಸ್ಕೆಟ್ ಬಾಳುವುದಿಲ್ಲ.

ಆಯಿಲ್ ಪಂಪು

ಓವರ್‌ಹಾಲ್ ಆದ ಎಂಜಿನ್ನಿನ ಆಯುಸ್ಸು ನಿರ್ಧಾರವಾಗುವುದು ಮೊದಲ ಕಿಡಿ ಹಾರುವುದಕ್ಕೂ ಮುಂಚೆ, ಎಣ್ಣೆ ಬೇರಿಂಗಿಗೆ ತಲುಪಿದೆಯೇ ಎಂಬುದರ ಮೇಲೆ. ಈ ಎಂಜಿನ್ನುಗಳಲ್ಲಿ ಆ ಮಾತಿಗೆ ವಿಶೇಷ ಕಾರಣವಿದೆ.

ಅನೇಕ ಎಂಜಿನ್ನುಗಳಲ್ಲಿ ಆಯಿಲ್ ಪಂಪು ಸಂಪಿನೊಳಗೆ, ಎಣ್ಣೆಯಲ್ಲಿ ಮುಳುಗಿಯೇ ಇರುತ್ತದೆ. ಜೀಪಿನಲ್ಲಿ ಅದು ಬ್ಲಾಕಿನ ಎಡಮಗ್ಗುಲಿಗೆ, ಹೊರಗಡೆ, ಎಣ್ಣೆಯ ಮಟ್ಟಕ್ಕಿಂತ ಮೇಲೆ ಕೂತಿದೆ. ಸಂಪಿನಲ್ಲಿ ತೇಲುವ ಜಾಲರಿಯ ಮೂಲಕ ಎಣ್ಣೆಯನ್ನು ಹೀರಿ ಮೇಲೆತ್ತಬೇಕು. ಪಂಪಿನ ಹಲ್ಲುಚಕ್ರಗಳು ಒಣಗಿದ್ದರೆ ಅವುಗಳ ಸಂದಿನಲ್ಲಿ ಗಾಳಿ ಜಾರುತ್ತದೆ, ಹೀರುವ ಬಲ ಹುಟ್ಟುವುದಿಲ್ಲ. ಸಂಪಿನ ತುಂಬ ಹೊಸ ಎಣ್ಣೆಯಿದ್ದೂ ಬೇರಿಂಗು ಒಣಗಿಯೇ ತಿರುಗುತ್ತದೆ.

ಬೇರೆ ಕೆಲವು ಎಂಜಿನ್ನುಗಳಲ್ಲಿ ಡಿಸ್ಟ್ರಿಬ್ಯೂಟರ್ ತೆಗೆದು, ಡ್ರಿಲ್ ಯಂತ್ರದಿಂದ ಪಂಪಿನ ಶಾಫ್ಟನ್ನಷ್ಟೇ ತಿರುಗಿಸಿ ಎಣ್ಣೆ ಏರಿಸಬಹುದು. ಇಲ್ಲಿ ಆ ದಾರಿಯಿಲ್ಲ. ಪಂಪಿನ ಶಾಫ್ಟು ಕ್ಯಾಮ್‌ಶಾಫ್ಟಿನ ಹಲ್ಲಿಗೆ ನೇರ ಕಚ್ಚಿಕೊಂಡಿದೆ. ಡಿಸ್ಟ್ರಿಬ್ಯೂಟರನ್ನು ತಿರುಗಿಸುವುದೂ ಆ ಶಾಫ್ಟೇ. ಹಾಗಾಗಿ ಪಂಪು ಜೋಡಿಸುವಾಗಲೇ ಹಲ್ಲುಗಳ ನಡುವೆ ಎಣ್ಣೆಯನ್ನೋ ವ್ಯಾಸಲೀನನ್ನೋ ತುಂಬುತ್ತಾರೆ. ಆಮೇಲೆ ಪ್ಲಗ್ಗುಗಳನ್ನೆಲ್ಲ ಬಿಚ್ಚಿ, ಮುಂದಿನಿಂದ ಹ್ಯಾಂಡಲ್ ಹಾಕಿ, ಗೇಜಿನ ಮುಳ್ಳು ಅಲುಗುವವರೆಗೆ ತಿರುಗಿಸುತ್ತಾರೆ. ಪ್ಲಗ್ಗಿಲ್ಲದ ಸಿಲಿಂಡರಿನಲ್ಲಿ ಒತ್ತಡವಿರದ ಕಾರಣ ಕೈಗೂ ಹಗುರ, ಬೇರಿಂಗಿಗೂ ಹಗುರ.

ಇದೇ ಜೋಡಣೆಯಿಂದ ಇನ್ನೊಂದು ತೊಡಕು. ಪಂಪನ್ನು ಒಂದು ಹಲ್ಲು ಆಚೀಚೆ ಕೂರಿಸಿದರೆ ಡಿಸ್ಟ್ರಿಬ್ಯೂಟರಿನ ಮುಖವೂ ಅಷ್ಟೇ ತಿರುಗಿಬಿಡುತ್ತದೆ, ಟೈಮಿಂಗ್ ಸಿಗುವುದಿಲ್ಲ. ಅನುಭವಿಗಳು ಒಂದನೇ ಸಿಲಿಂಡರಿನ ಪ್ಲಗ್ ರಂಧ್ರಕ್ಕೆ ಬೆರಳಿಟ್ಟು, ಗಾಳಿ ಒತ್ತುವ ಹೊಡೆತವನ್ನು ಗುರುತಿಸಿ, ಆ ನೆಲೆಯಲ್ಲಿ ಪಂಪು ಕೂರಿಸುತ್ತಾರೆ.

ಮೊದಲ ಚಾಲನೆ

ಕಿಡಿಯ ಕ್ರಮ 1-3-4-2. ಕಿಡಿ ಹಾರಬೇಕಾದದ್ದು ಪಿಸ್ಟನ್ ತುದಿ ಮುಟ್ಟುವುದಕ್ಕೆ 5 ಡಿಗ್ರಿ ಮುಂಚೆ. ಡಿಸ್ಟ್ರಿಬ್ಯೂಟರ್ ಪಾಯಿಂಟಿನ ಸಂದು ಸುಮಾರು 0.5 ಮಿ.ಮೀ. ಹರಿಕೇನ್ ಎಂಜಿನ್ ತಣ್ಣಗಿರುವಾಗ ಟ್ಯಾಪೆಟ್ ಸಂದು ಇನ್‌ಲೆಟ್ಟಿಗೆ ಇಂಚಿನ ಸಾವಿರದಲ್ಲಿ 18, ಎಕ್ಸಾಸ್ಟಿಗೆ 16. ಮಲೆನಾಡಿನ ತೇವಕ್ಕೆ ಪಾಯಿಂಟೂ ಡಿಸ್ಟ್ರಿಬ್ಯೂಟರ್ ಕ್ಯಾಪೂ ಬೇಗ ಕಿಲುಬು ಹಿಡಿಯುವುದರಿಂದ ಅವನ್ನು ಮೊದಲೇ ಒರೆಸಿಡುವುದು ಲೇಸು. ಎಥೆನಾಲ್ ಬೆರೆತ ಇಂದಿನ ಪೆಟ್ರೋಲಿಗೆ ಫ್ಯೂಯೆಲ್ ಪಂಪಿನ ಹಳೆಯ ರಬ್ಬರ್ ಡಯಾಫ್ರಾಮ್ ತಾಳಿಕೊಳ್ಳುವುದು ಕಷ್ಟ. ಪಂಪಿನ ಕಿಟ್ ಬದಲಿಸಿದ್ದರೆ ಒಳ್ಳೆಯದು.

ಚಾಲೂ ಆದೊಡನೆ ನೋಡಬೇಕಾದದ್ದು ಆಯಿಲ್ ಗೇಜು. ಕೆಲವು ಸೆಕೆಂಡಿನಲ್ಲಿ ಮುಳ್ಳು ಏರದಿದ್ದರೆ ಆಫ್ ಮಾಡಬೇಕು, ಸದ್ದು ಎಷ್ಟೇ ಇಂಪಾಗಿದ್ದರೂ. ಹೊಸ ಕ್ಯಾಮಿಗೆ ಇಪ್ಪತ್ತು ನಿಮಿಷ ಏರುವೇಗದಲ್ಲೇ ಓಡಿಸಬೇಕೆಂಬ ನಿಯಮ ಗಟ್ಟಿ ಸ್ಪ್ರಿಂಗಿನ ದೊಡ್ಡ ಎಂಜಿನ್ನುಗಳಿಗೆ ಹೆಚ್ಚು ಸಲ್ಲುವಂಥದು. ಜೀಪಿಗೆ ಅಷ್ಟು ಕಟ್ಟುನಿಟ್ಟು ಬೇಕೇ ಎಂಬಲ್ಲಿ ಒಮ್ಮತವಿಲ್ಲ. ಆದರೆ ಬಹಳ ಹೊತ್ತು ಐಡಲ್‌ನಲ್ಲಿ ಬಿಡಬಾರದೆಂಬುದನ್ನು ಬಹುಮಟ್ಟಿಗೆ ಎಲ್ಲರೂ ಒಪ್ಪುತ್ತಾರೆ: ಭಾರ ಬೀಳದೆ ರಿಂಗು ಸಿಲಿಂಡರಿಗೆ ಕೂರುವುದಿಲ್ಲ.

ರನ್ನಿಂಗ್-ಇನ್ ಅವಧಿಯಲ್ಲಿ ತೋಟದ ಸಣ್ಣ ಏರುಗಳು ಉಪಕಾರಿ. ಆದರೆ ಟಾಪ್ ಗೇರಿನಲ್ಲಿ ಹೊಡೆದಾಡಿಸುವುದೂ, ಮೊದಲ ವಾರದಲ್ಲೇ ಚಾರ್ಮಾಡಿ ಘಾಟಿ ಹತ್ತಿಸುವುದೂ ಬೇಡ. ಬಿಸಿಯಾಗಿ ತಣಿದ ಮೇಲೆ ಹೆಡ್ ಬೋಲ್ಟುಗಳನ್ನು, ಅಡಗಿರುವ ಆ ಒಂದನ್ನೂ ಸೇರಿಸಿ, ಮತ್ತೊಮ್ಮೆ ಬಿಗಿಮಾಡಬೇಕು. ಮೊದಲ ಎಣ್ಣೆಯನ್ನು ಬೇಗ ಬದಲಿಸಬೇಕು.

ಡೀಸೆಲ್ ಬದಲಾವಣೆ ಮತ್ತು ಕಾನೂನು

ಪೆಟ್ರೋಲ್ ದುಬಾರಿಯಾದಂತೆ ಅನೇಕ ಜೀಪುಗಳಿಗೆ ಡೀಸೆಲ್ ಎಂಜಿನ್ ಬಂತು: 2,112 ಸಿಸಿಯ ಪ್ಯೂಜೋ, ಟ್ರ್ಯಾಕ್ಟರ್ ವಂಶದ 2,523 ಸಿಸಿಯ ಮಹೀಂದ್ರ. ಇಂಥ ಬದಲಾವಣೆಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಒಪ್ಪಿಗೆ ಬೇಕು. 2021ರ ನಿಯಮಗಳಡಿ 50 ವರ್ಷ ದಾಟಿದ, ಮೂಲರೂಪದಲ್ಲಿರುವ ವಾಹನಗಳಿಗೆ ‘ವಿಎ’ ಅಕ್ಷರಗಳಿರುವ ವಿಂಟೇಜ್ ನೋಂದಣಿ ಸಿಗುತ್ತದೆ. ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಮಾಡಿದ ವಾಹನ ಅದಕ್ಕೆ ಅರ್ಹವಲ್ಲ. ಹಳೆಯ ಪೆಟ್ರೋಲ್ ಬ್ಲಾಕನ್ನು ಗುಜರಿಗೆ ಹಾಕದೆ ಬೋರ್ ಮಾಡಿಸಿ ಉಳಿಸಿಕೊಳ್ಳಲು ಇದೂ ಒಂದು ಕಾರಣ.